ದೊಡ್ಡಮ್ಮನಿಗೆ ಬರೆದ ಹೂಗಳು

ಕಡೂರಿನಲ್ಲಿ ಭಾನುವಾರದ ಚಿತ್ರಕಲೆ ತರಗತಿಗೆ ಹೋಗುತ್ತಿದ್ದಾಗ ಮೇಷ್ಟ್ರು ಯುರೋಪಿನ ಹಳೆಯ ಹೂದಾನಿ ಚಿತ್ರಗಳನ್ನು ತೋರಿಸಿದ್ದರು. ಅರಳಿದ ಹೂವು ಬದುಕಿನ ಗುರುತು, ಬಾಡಿದ್ದೂ ಮೇಜಿನ ಮೇಲೆ ಉದುರಿದ್ದೂ ಸಾವಿನ ಗುರುತು ಎಂದಿದ್ದರು. ಹೃದಯದ ಆಪರೇಷನ್ ಮುಗಿಸಿ ಯಗಟಿಯ ಮನೆಗೆ ಮರಳಿದ ದೊಡ್ಡಮ್ಮನಿಗೆಂದು ಚಿತ್ರ ಬರೆದಾಗ, ಅದಕ್ಕೇ ಒಂದು ಎಸಳೂ ಉದುರದಂತೆ ನೋಡಿಕೊಂಡೆ. ಹಿತ್ತಾಳೆ ಚೊಂಬಿನಲ್ಲಿ ಹಳದಿ ಸೇವಂತಿಗೆ, ಪಕ್ಕದಲ್ಲಿ ಅವರ ಕನ್ನಡಕ, ಎಲೆಯಡಿಕೆ ತಟ್ಟೆ, ಮಡಿಸಿಟ್ಟ ಹಸಿರು ಸೀರೆ, ಎರಡು ಬಾಳೆಹಣ್ಣು. ಎಲ್ಲವೂ ಅವರಿಗೆ ಇಷ್ಟವಾದವು.

ಸುತ್ತಿದ್ದ ಕಾಗದ ಬಿಚ್ಚಿದ್ದು ಅತ್ತಿಗೆ, ದೊಡ್ಡಮ್ಮನ ಸೊಸೆ. ನೋಡಿದವರೇ, ಎದುರಿಗೆ ಕೂತಿದ್ದ ದೊಡ್ಡಮ್ಮನಿಗೆ ಕಾಣದಂತೆ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿ ಹಿಡಿದರು.

"ಏನಪ್ಪಾ ಇದು, ಎಡೆ ಇಟ್ಟಂಗೈತಲ್ಲ."

ಪಿತೃಪಕ್ಷದಲ್ಲಿ ತೀರಿಹೋದವರಿಗೆ ನಮ್ಮ ಮನೆಗಳಲ್ಲಿ ಇಡುವ ಎಡೆಯೂ ಹೀಗೆಯೇ: ಚೊಂಬು, ಹೂವು, ಹಣ್ಣು, ಅವರಿಗೆ ಇಷ್ಟವಾದ ಬಟ್ಟೆ. ವರ್ಷವರ್ಷವೂ ಅದಕ್ಕೆ ಕೈಮುಗಿದವನು ನಾನು. ಬರೆದ ಮೂರು ವಾರದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಬದುಕಿ ಬಂದವರಿಗೆ ಎಡೆ ಇಟ್ಟಿದ್ದೆ. ಚಿತ್ರವನ್ನು ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ.

"ಇತ್ಲಾಗೆ ಕೊಡೇ," ಎಂದರು ದೊಡ್ಡಮ್ಮ. ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಸೀರೆ ಅಂಚು ಚೆನ್ನಾಗ್ ಬರ್ದಿದೀಯ. ಇಷ್ಟ್ ಬೇಗ ಕಳಿಸ್ಬೇಕಾ ನನ್ನ?"

"ಅಯ್ಯೋ ದೊಡ್ಡಮ್ಮ, ಹಂಗಲ್ಲ..."

"ಸುಮ್ನಿರೋ. ಎಲ್ಲಾ ಮುಟ್ದಲೆ ಇಟ್ಟಂಗೈತೆ, ಅದಕ್ಕೇ ಹಂಗ್ ಕಾಣ್ತದೆ." ತುರುಬಿನಿಂದ ಕನಕಾಂಬರದ ದಂಡೆಯ ತುಂಡನ್ನು ತೆಗೆದು ನನ್ನ ಕೈಗಿಟ್ಟರು. "ಬೆಳಗ್ಗೆ ಮುಡ್ದಿದ್ದು. ಇದ್ನೂ ಬರಿ. ಮುಡಿದ ಹೂವ ಯಾರಾದ್ರೂ ಎಡೆಗಿಡ್ತಾರೇನೋ?"

"ಬಾಳೆಹಣ್ಣೂ ಅರ್ಧ ತಿಂದಂಗೆ ಬರಿಯಪ್ಪ," ಎಂದರು ಅತ್ತಿಗೆ. "ಅತ್ತೆ ಹಂಗೇ ಬಿಟ್ಟೋಗೋದು ದಿನಾ."

ದೊಡ್ಡಮ್ಮ ಹೊಲಿಗೆ ಹಾಕಿದ ಎದೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಕ್ಕರು.

ಆ ಮಧ್ಯಾಹ್ನವೇ ಬಣ್ಣದ ಪೆಟ್ಟಿಗೆ ತಂದು, ಜಗಲಿಯಲ್ಲಿ ಕೂತು ಅದೇ ಚಿತ್ರಕ್ಕೆ ಕನಕಾಂಬರವನ್ನೂ ಸೇರಿಸಿ ಬರೆದೆ. ಹೂಗಳ ಅಂಚು ಮುದುಡಿತ್ತು, ನಾಲ್ಕು ದಳ ಅಪ್ಪಚ್ಚಿಯಾಗಿದ್ದವು. ಕಂಡಷ್ಟನ್ನೂ ಬರೆದೆ. ದಾರದ ಗಂಟಿನಲ್ಲಿ ಒಂದು ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಅದನ್ನು ಮಾತ್ರ ಬಿಟ್ಟೆ. ಹಿಂದೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ದೊಡ್ಡಮ್ಮ ಬಗ್ಗಿದರು.

"ಕೂದ್ಲು ಎಲ್ಲೋ? ಬರಿ. ನಂದೇ ಅಂತ ಗೊತ್ತಾಗ್ಬೇಕು."

ಅತಿ ಸಣ್ಣ ಕುಂಚವನ್ನು ತೊಳೆದು, ಬಿಳಿ ಬಣ್ಣಕ್ಕೆ ಅದ್ದಿದೆ.