ನಾನು ಕತ್ತರಿಸಿದ ಜಡೆ

ಹೋದ ವಾರ ಅಟ್ಟದಿಂದ ತುಕ್ಕು ಹಿಡಿದ ತಗಡಿನ ಡಬ್ಬಿಗಳನ್ನು ಇಳಿಸಿ ಒಂದರ ಮುಚ್ಚಳ ತೆಗೆದೆ. ಘಮ್ಮೆಂದು ಹುಳಿ ವಾಸನೆ ಮನೆಯೆಲ್ಲ ಹಬ್ಬಿತು. "ಉಪ್ಪಿನಕಾಯಿ ಕೆಟ್ಟೈತೇನ್ರಿ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಉಪ್ಪಿನಕಾಯಿಯಲ್ಲ, ಸಿನಿಮಾ. ಹಳೆಯ ಫಿಲ್ಮು ಕೆಡತೊಡಗಿದರೆ ಹೀಗೇ ಹುಳಿಹುಳಿ ನಾರುತ್ತದೆ. ಪೀರನವಾಡಿಯ ಶ್ರದ್ಧಾ ಎಂಬ ಹುಡುಗಿ ಇಂಥ ಸಿನಿಮಾಗಳ ಕೊಳೆ ತೆಗೆದು, ಗೀರು ಅಳಿಸಿ, ಮತ್ತೆ ಥೇಟರಿಗೆ ಬಿಡುವ ಕೆಲಸ ಮಾಡುತ್ತಾಳೆ. ಅವಳು ಬಂದು ಡಬ್ಬಿಗಳನ್ನೆಲ್ಲ ಒಯ್ದಳು. ವಾಸನೆ ಮಾತ್ರ ಇಲ್ಲೇ ಉಳಿದು, ನನ್ನನ್ನು ಎಪ್ಪತ್ತರ ದಶಕದ ಕೊನೆಗೆ ಎಳೆದುಕೊಂಡು ಹೋಯಿತು. ನೀವೂ ಬನ್ನಿ, ಒಬ್ಬನೇ ಹೋಗಲು ಸ್ವಲ್ಪ ನಾಚಿಕೆ.

ಆಗ ನಾನು ಬೆಳಗಾವಿಯ ಕೋಟೆಯ ಸಮೀಪ ಸಿನಿಮಾ ಹಂಚುವ ಆಫೀಸೊಂದರಲ್ಲಿ ಗುಮಾಸ್ತ. ಬಿ.ಎ. ಪಾಸಾಗಿದ್ದೆ, ಹೀಗಾಗಿ ಜಗತ್ತಿನಲ್ಲಿ ತಿದ್ದಬೇಕಾದದ್ದು ಬಹಳ ಇದೆ ಎಂದು ನಂಬಿದ್ದೆ. ನಮ್ಮ ಮಾಲೀಕರು ಇಪ್ಪತ್ತು ವರ್ಷ ಹಳೆಯ ಸಾಹಸದ ಸಿನಿಮಾಗಳನ್ನು ಎಲ್ಲಿಂದಲೋ ತರಿಸುತ್ತಿದ್ದರು. ಒಂದು ಗುಹೆ, ಒಂದು ಕುದುರೆ, ಮುಖಕ್ಕೆ ಕರಿ ಬಟ್ಟೆ ಕಟ್ಟಿದ ಒಬ್ಬ ಸರದಾರ ಇದ್ದರೆ ಮುಗಿಯಿತು. ಸೈನ್ಯವೆಂದರೆ ಎಂಟೇ ಮಂದಿ. ಅವರೇ ಸತ್ತು, ಅವರೇ ಎದ್ದು ಬಂದು ಇನ್ನೊಮ್ಮೆ ಸಾಯುತ್ತಿದ್ದರು. ಇವನ್ನು ದುರಸ್ತಿ ಮಾಡಿ, ಹೊಸ ಪೋಸ್ಟರು ಬರೆಸಿ, ಖಾನಾಪುರದ ಕಡೆಯ ಟೂರಿಂಗ್ ಟಾಕೀಸುಗಳಿಗೆ ಬಿಡುವುದು ನಮ್ಮ ದಂಧೆ.

ದುರಸ್ತಿಯೆಲ್ಲ ಹುಸೇನಸಾಬರದು. ಅರವತ್ತು ದಾಟಿದ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಹರಿದ ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು, ಅದರ ತಲೆ ಇದಕ್ಕೆ, ಇದರ ಬಾಲ ಅದಕ್ಕೆ ಅಂಟಿಸಿ ಒಂದು ಪ್ರತಿ ಮಾಡುತ್ತಿದ್ದರು. "ಫಿಲ್ಮ್ ಎಲ್ಲಿ ಹರೀತೈತಿ ಗೊತ್ತೇನು ಬೇಟಾ? ಮಂದಿ ಎಲ್ಲಿ ಸೀಟಿ ಹೊಡೀತಾರ, ಅಲ್ಲೇ" ಎನ್ನುತ್ತಿದ್ದರು. ಖರೇ ಮಾತು. ಸೀಟಿ ಬಿದ್ದರೆ ಆಪರೇಟರ್ ಹಿಂದಕ್ಕೆ ಸುತ್ತಿ ಮತ್ತೊಮ್ಮೆ ತೋರಿಸುತ್ತಿದ್ದ. ಹೀಗೆ ಎಳೆದಾಡಿ ಎಳೆದಾಡಿ, ಮಂದಿ ಮೆಚ್ಚಿದ ತುಂಡೇ ಮೊದಲು ಹರಿಯುತ್ತಿತ್ತು. ತೋಟದಲ್ಲಿ ನಾಯಕ ನಾಯಕಿ ಮಾತಾಡುವ ಭಾಗ ಮಾತ್ರ ಹೊಚ್ಚ ಹೊಸದಾಗಿ ಉಳಿದಿರುತ್ತಿತ್ತು.

ಒಂದು ಮಧ್ಯಾಹ್ನ ಅವರು ನಮಾಜಿಗೆ ಹೋದಾಗ ನಾನು ಅವರ ಮೇಜಿಗೆ ಕುಳಿತೆ. ಸರದಾರ ಕುದುರೆಯ ಮೇಲೆ ಹಳ್ಳ ಹಾರುವ ತುಂಡು ಕೈಯಲ್ಲಿತ್ತು. ಇನ್ನೊಂದು ಪ್ರತಿಯಲ್ಲಿ ಅದು ಮೊದಲೇ ಹರಿದು ಹೋಗಿತ್ತು. ಬೆಳಕಿಗೆ ಹಿಡಿದು ನೋಡುತ್ತೇನೆ, ಅಯ್ಯೋ ದೇವರೇ! ಕುದುರೆ ಗಾಳಿಯಲ್ಲಿದೆ, ಸರದಾರನ ಮುಂಡಾಸಿನಿಂದ ಮೊಳದುದ್ದದ ಜಡೆ ಹೊರಬಿದ್ದು ಹಾರುತ್ತಿದೆ! ಗಂಡಸು ಸರದಾರನಿಗೆ ಜಡೆಯೇ? ಕಲೆಗೆ ಎಂಥ ಅವಮಾನ! ಕತ್ತರಿ ತೆಗೆದುಕೊಂಡು ಹಾರುವುದಷ್ಟನ್ನೂ ಕತ್ತರಿಸಿ ಎಸೆದು, ಎರಡು ತುದಿ ಅಂಟಿಸಿದೆ. ಸಿನಿಮಾ ಸುಧಾರಿಸಿತೆಂದು ಚಹಾ ತರಿಸಿಕೊಂಡು ಕುಡಿದೆ.

ಖಾನಾಪುರದಲ್ಲಿ ಮೊದಲ ದಿನದ ಆಟಕ್ಕೆ ಡಬ್ಬಿ ತೆಗೆದುಕೊಂಡು ನಾನೇ ಹೋಗಿದ್ದೆ. ಸಂಜೆ ಬೀಡಿ ಎಂಬ ಹಳ್ಳಿಯಿಂದ ಒಂದು ಟ್ರಕ್ಕಿನ ತುಂಬ ಜನ ಬಂದಿಳಿದರು. ಅವರ ನಡುವೆ ನಲವತ್ತರ ಆಸುಪಾಸಿನ ಹೆಂಗಸು. "ಅಕಿ ಬಂಡಲ್ ಗಂಗವ್ವ" ಎಂದ ಬಾಗಿಲು ಕಾಯುವವನು, ನಗುತ್ತ. ಟಾಂಗಾ ಹೊಡೆಯುವವನ ಮಗಳು. ಹಿಂದೆ ಇದೇ ಸಿನಿಮಾದವರು ಖಾನಾಪುರದ ಅಡವಿಗೆ ಬಂದಾಗ ಹೀರೋ ಕುದುರೆಗೆ ಹೆದರಿದನಂತೆ. ಅವನ ಬಟ್ಟೆ ತೊಟ್ಟು ತಾನೇ ಹಳ್ಳ ಹಾರಿಸಿದೆ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾಳಂತೆ. ಸಿನಿಮಾ ಈ ಕಡೆ ಬಂದದ್ದು ಇದೇ ಮೊದಲು, ಹೀಗಾಗಿ ಊರಲ್ಲಿ ಒಬ್ಬರೂ ನಂಬಿಲ್ಲ. ಅದಕ್ಕೇ ಆ ಹೆಸರು.

ಗಂಗವ್ವ ತನ್ನ ಮಂದಿಗೆ ಹೇಳುತ್ತಿದ್ದಳು: "ಮುಖ ಕಾಣಂಗಿಲ್ಲ, ಆದ್ರ ಜಡಿ ಕಾಣತೈತಿ ನೋಡ್ರಿ! ಮುಂಡಾಸ ಸಡಲಾಗಿ ನನ್ನ ಜಡಿ ಹೊರಗ ಬಂದಿತ್ತು. ಡೈರೆಕ್ಟರ್ ಬೈದ್ರು. ಮತ್ತ ತಗ್ಯಾಕ ಅವರ ಹಂತ್ಯಾಕ ಫಿಲ್ಮ್ ತೀರಿ ಹೋಗಿತ್ತು."

ನಾನು ಕತ್ತರಿಸಿ ಎಸೆದದ್ದು ಅದೇ ಜಡೆ! ಮಾಡುವುದೇನು, ಆಟ ಶುರುವಾಗಿಬಿಟ್ಟಿತು. ಕುದುರೆ ಹಳ್ಳದ ಈ ದಂಡೆಗೆ ಓಡಿ ಬಂತು. ಮರುಕ್ಷಣ ಆ ದಂಡೆಯಲ್ಲಿ ನಿಂತಿತ್ತು. ಡೇರೆಯೆಲ್ಲ ಗೊಳ್ಳೆಂದಿತು. "ಎಲ್ಲೈತವಾ ನಿನ್ನ ಜಡಿ?" ಎಂದು ಅವಳ ಮೈದುನ ಎದ್ದು ನಿಂತು ಕೇಳಿದ.

ಆಟ ಬಿಟ್ಟ ಮೇಲೆ ಅವಳು ನೇರ ನನ್ನ ಹತ್ತಿರ ಬಂದಳು. "ಸಾಹೇಬ್ರ, ಅಲ್ಲೊಂದು ತುಕಡಿ ಇತ್ತಲ್ರಿ, ಎಲ್ಲಿ ಹೋತ್ರಿ?"

"ಹರದಿತ್ರಿ" ಎಂದೆ. ಸುಳ್ಳು ಹೇಳಿದವನು ನಾನು, ಬಂಡಲ್ ಎಂಬ ಹೆಸರು ಅವಳಿಗೆ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ನಾಳಿನ ಆಟಕ್ಕ ತರ್ತೀನ್ರಿ. ಎಲ್ಲಾರನೂ ಮತ್ತ ಕರಕೊಂಡ ಬರ್ರಿ" ಎಂದಷ್ಟೇ ಹೇಳಿದೆ.

ಬೆಳಗಿನ ಮೊದಲ ಬಸ್ಸಿಗೆ ಆ ರೀಲಿನ ಡಬ್ಬಿ ಹೊತ್ತು ಬೆಳಗಾವಿಗೆ ಹೋಗಿ ಹುಸೇನಸಾಬರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಮ್ಮ ಕೆಲಸ ಹರದದ್ದು ಹಚ್ಚೂದು. ಇದ್ದದ್ದು ಕತ್ತರಸೂದು ಯಾರು ಕಲಿಸಿದ್ರು ನಿಂಗ?" ಎಂದರು. ಪುಣ್ಯಕ್ಕೆ ಅವರು ಕಸದ ಬುಟ್ಟಿಯ ಒಂದು ತುಣುಕನ್ನೂ ಎಸೆಯುವವರಲ್ಲ. ಎಲ್ಲ ಒಂದು ಗೋಣಿಚೀಲದಲ್ಲಿ ತುಂಬಿಡುತ್ತಿದ್ದರು. ಇಬ್ಬರೂ ಕಿಟಕಿಯ ಬೆಳಕಿಗೆ ಒಂದೊಂದೇ ಹಿಡಿದು ನೋಡುತ್ತ ಕುಳಿತೆವು. ಎಂಟು ಮಂದಿ ಸೈನಿಕರು ಎಷ್ಟು ಸಲ ಸತ್ತರೋ! ಊಟದ ಹೊತ್ತು ಮೀರಿದ ಮೇಲೆ ಜಡೆ ಸಿಕ್ಕಿತು. ಹುಸೇನಸಾಬರು ಅದನ್ನು ನನ್ನ ಅಂಗೈಯಲ್ಲಿಟ್ಟು, "ನೀನ ಹಚ್ಚು" ಎಂದರು.

ಆ ಸಂಜೆ ಬೀಡಿಯ ಟ್ರಕ್ಕು ಮತ್ತೆ ಬಂತು, ಹೆಚ್ಚಿನವರು ಗಂಗವ್ವನನ್ನು ಕಾಡಿಸಲೆಂದೇ ಬಂದದ್ದು. ಕುದುರೆ ಓಡಿತು, ಹಾರಿತು, ಜಡೆ ಹಾರಿತು. ಆಮೇಲೆ ಬಿದ್ದ ಸೀಟಿಗಳನ್ನು ಏನೆಂದು ಹೇಳಲಿ! "ಖರೇನ ಹೇಳಿದ್ದಿ ಬಿಡವಾ" ಎಂದ ಮೈದುನ, ತಲೆ ಕೆರೆದುಕೊಳ್ಳುತ್ತ.

ಗಂಗವ್ವ ಕಣ್ಣೊರೆಸಿಕೊಳ್ಳುತ್ತ, ಆಪರೇಟರನ ಬಳಿ ನಿಂತಿದ್ದ ನನ್ನ ಹತ್ತಿರ ಬಂದಳು. "ನಾ ನೋಡ್ಲೇ ಇಲ್ರಿ ಸಾಹೇಬ್ರ. ಇವರ ಮಾರಿ ನೋಡ್ಕೋತ ಕುಂತುಬಿಟ್ಟೆ. ಇನ್ನೊಮ್ಮೆ ಹಾಕ್ತೀರೇನ್ರಿ?"

"ಫಿಲ್ಮ್ ಹರೀತೈತ್ರಿ" ಎಂದ ಆಪರೇಟರ್. ಹರಿದರೆ ಹರಿಯಲಿ, ಅಂಟಿಸಲು ನಾನಿದ್ದೇನೆ ಎಂದೆ. ಮೂರು ಸಲ ಹಾಕಿಸಿದೆ. ಆದರೆ ಕತ್ತರಿಸಿದವನು ನಾನು ಎಂಬ ಮಾತು ಆಗಲೂ ಬಾಯಿಂದ ಬರಲಿಲ್ಲ.

ಎಂಬತ್ತರ ದಶಕದಲ್ಲಿ ಆಫೀಸು ಮುಚ್ಚಿತು. ಎಲ್ಲ ಗುಜರಿಗೆ ಹೋಗುವಾಗ ಹುಸೇನಸಾಬರು ಈ ಒಂದು ಸಿನಿಮಾವನ್ನು ನನ್ನ ಕೈಗಿಟ್ಟು, "ಇದನ್ನ ಕಳೀಬ್ಯಾಡ" ಎಂದಿದ್ದರು.

ನಿನ್ನೆ ಶ್ರದ್ಧಾಳ ಫೋನು. "ಅಜ್ಜಾರ, ಒಂದು ತಪ್ಪ ಸಿಕ್ಕೈತ್ರಿ. ಕುದುರಿ ಹಾರೂಮುಂದ ಹೀರೋಗ ಜಡಿ ಕಾಣಾಕತ್ತೈತಿ. ಒರಿಸಿಬಿಡ್ಲೇನ್ರಿ? ಎರಡು ಮಿನಿಟಿನ ಕೆಲಸ."

"ಮುಟ್ಟಬ್ಯಾಡವಾ!" ನಾನು ಒದರಿದ ರಭಸಕ್ಕೆ ಹೆಂಡತಿ ಓಡಿ ಬಂದಳು. ಅದು ಯಾರ ಜಡೆ ಎಂದು ಹೇಳಿದೆ. ಹುಡುಗಿ, "ಹಂಗಾದ್ರ ಸಿನಿಮಾದಾಗ ಅವರ ಹೆಸರು ಹಾಕೂಣ್ರಿ. ಪೂರ್ತಿ ಹೆಸರೇನ್ರಿ?" ಎಂದಳು.

ಬಂಡಲ್ ಎಂಬುದನ್ನು ಬಿಟ್ಟರೆ ಗಂಗವ್ವನ ಹೆಸರಿಗೆ ಇನ್ನೇನು ಸೇರಿತ್ತೆಂದು ನಾನು ಎಂದೂ ಕೇಳಿರಲಿಲ್ಲ.

ನಾಳೆ ಬೀಡಿಗೆ ಹೊರಟಿದ್ದೇನೆ. ಅವಳು ಇದ್ದರೆ ಅವಳ ಮುಂದೆ, ಇಲ್ಲದಿದ್ದರೆ ಅವಳ ಮಂದಿಯ ಮುಂದೆ ಕುಳಿತು ಹೆಸರು ಬರೆದುಕೊಳ್ಳಬೇಕು. ಅದಕ್ಕೂ ಮೊದಲು, ಆ ತುಕಡಿ ಹರಿದಿರಲಿಲ್ಲ ಎಂದು ಹೇಳಬೇಕು.