ಗೊತ್ತಿದ್ದದ್ದೇ ಸಾಹೇಬರ ವೈಫೈ

ಪೇಟೆಂಟ್ ಕಚೇರಿಯಲ್ಲಿ ಅವರಿಗೆ ‘ಗೊತ್ತಿದ್ದದ್ದೇ ಸಾಹೇಬರು’ ಎಂದೇ ಹೆಸರು. ನಿಸ್ತಂತು ಸಂದೇಶ ಕಳಿಸುವ ಹೊಸ ವಿಧಾನ ಕಂಡುಹಿಡಿದಿದ್ದೇವೆ ಎಂದು ಯಾರಾದರೂ ಅರ್ಜಿ ಹಾಕಿದರೆ, ಅದು ನಿಜಕ್ಕೂ ಹೊಸ ಯೋಚನೆಯೋ, ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದೋ ಎಂದು ತೂಗಿನೋಡುವುದು ಅವರ ಕೆಲಸ. ತೂಗುವ ಮೊದಲೇ ಮೂಗು ಮುರಿಯುವುದು ಅವರ ಸ್ವಭಾವ. ಮಗಳು ಹುಟ್ಟಿದಳೆಂದು ನರ್ಸ್ ಬಂದು ಹೇಳಿದಾಗಲೂ “ಗೊತ್ತಿದ್ದದ್ದೇ” ಎಂದ ಪುಣ್ಯಾತ್ಮ!

ಆ ಭಾನುವಾರ ಮಧ್ಯಾಹ್ನ ಮನೆಯಲ್ಲೇ ಕೂತು ಒಂದು ಅರ್ಜಿ ನೋಡುತ್ತಿದ್ದರು. ಸಂಕೇತ ಕಳಿಸುವುದನ್ನು ನಿಲ್ಲಿಸಿ, ಆ ಮೌನದಿಂದಲೇ ಸಂದೇಶ ಮುಟ್ಟಿಸುವ ವಿಧಾನವಂತೆ.

“ಇದೂ ಒಂದು ಹೊಸ ಐಡಿಯಾನಾ? ಯಾರಿಗಾದ್ರೂ ಹೊಳೆಯುತ್ತೆ!” ಎಂದು ಗೊಣಗಿ, ಅರ್ಜಿ ತಿರಸ್ಕರಿಸುವ ಆದೇಶ ಟೈಪ್ ಮಾಡತೊಡಗಿದರು.

ಅಡುಗೆಮನೆಯಿಂದ ಹೆಂಡತಿ ಊಟಕ್ಕೆ ಕರೆದೂ ಕರೆದೂ ಸುಸ್ತಾದರು. ಕೊನೆಗೆ ಸದ್ದಿಲ್ಲದೆ ವೈಫೈ ಆಫ್ ಮಾಡಿದರು.

“ಅಯ್ಯೋ, ನೆಟ್ ಹೋಯ್ತು!” ಸಾಹೇಬರು ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. ಮೇಜಿನ ಮೇಲೆ ಊಟ ಬಡಿಸಿಯಾಗಿತ್ತು.

“ಓಹೋ, ವೈಫೈ ನಿಲ್ಲಿಸಿ ಊಟಕ್ಕೆ ಕರೆದ್ಯಾ? ಇದೇನು ಮಹಾ! ಯಾರಿಗಾದ್ರೂ ಹೊಳೆಯೋದೇ.”

“ಹಾಗಿದ್ರೆ ಇಷ್ಟು ವರ್ಷ ನಾನ್ಯಾಕ್ರೀ ಗಂಟಲು ಹರ್ಕೊಂಡೆ?”

ಉತ್ತರ ಕಂಡಮೇಲೆ ಎಲ್ಲವೂ ಸುಲಭವೇ ಎಂಬುದು ಅವರಿಗೆ ಹೊಳೆದದ್ದು ಆಗಲೇ. ಆ ಅರ್ಜಿಯನ್ನು ಇನ್ನೊಮ್ಮೆ ಓದಬೇಕೆನ್ನಿಸಿ, ಸರಸರನೆ ಉಂಡು ಕೈ ತೊಳೆದರು.

“ಈಗ ವೈಫೈ ಹಾಕೇ.”

“ಪಾತ್ರೆ ತೊಳೀರಿ, ತಾನಾಗೇ ಬರುತ್ತೆ.”

ಇದು ಮಾತ್ರ ಸಾಹೇಬರಿಗೆ ಗೊತ್ತಿರಲಿಲ್ಲ.