ನೆರಿಗೆಪಟ್ಟಿಯ ಪೆಟ್ರೊನೆಲ್

ನಾರ್ವಿಚ್ ಊರಿನ ಹೊಳೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ಬಣ್ಣಗಾರರ ಓಣಿಯ ಕೊನೆಯ ಒಂಟಿ ಕೋಣೆಯಲ್ಲಿ ಪೆಟ್ರೊನೆಲ್ ಆಗಲೇ ಗಂಜಿಯ ಬಾನಿಗೆ ಕೈ ಇಳಿಸಿದ್ದಾಳೆ. ಸಿರಿವಂತರು ಕೊರಳಿಗೆ ಕಟ್ಟುವ ಬಿಳಿ ಪಟ್ಟಿಯನ್ನು ಅದ್ದುತ್ತಾಳೆ, ಹಿಂಡುತ್ತಾಳೆ, ಕಾದ ಕಬ್ಬಿಣದ ಕಡ್ಡಿಯಿಂದ ನೆರಿಗೆ ಎಬ್ಬಿಸುತ್ತಾಳೆ. ಒಂದು ಪಟ್ಟಿಗೆ ಎಂಬತ್ತು ನೆರಿಗೆ, ದಿನಕ್ಕೆ ಒಂಬತ್ತು ಪಟ್ಟಿ. ಒಂದು ನೆರಿಗೆ ಸೊಟ್ಟಗಾದರೂ ಪಟ್ಟಿ ಮತ್ತೆ ನೀರಿಗೆ.

"ಮಾತಾಡಿಸ್ಬೇಡಿ ಮಾರಾಯ್ರೇ, ಕಡ್ಡಿ ಆರುತ್ತೆ" ಎಂದು ನನ್ನನ್ನು ಗದರುತ್ತಾಳೆ. ನಾನು ಅದೇ ಓಣಿಯವನು. ಹಬ್ಬಕ್ಕೊಂದು ಪಟ್ಟಿ ಕಟ್ಟಿ ಮೆರೆಯುವವನೇ. ಅದು ಯಾರ ಕೈಯಿಂದ ಬರುತ್ತದೆಂದು ಇಷ್ಟು ವರ್ಷ ಕೇಳಲಿಲ್ಲ ಎನ್ನಲು ನಾಚಿಕೆಯಾಗುತ್ತದೆ.

ಮೂರು ವರ್ಷದಿಂದ ಮಳೆಗೆ ಬೆಳೆ ಕೊಳೆಯುತ್ತಿದೆ. ಗೋಧಿಯಲ್ಲಿ ಬಟ್ಟೆಗಂಜಿ ಮಾಡಕೂಡದೆಂದು ರಾಣಿಯ ಅಪ್ಪಣೆ ಇದೆ. ಹಾಗಂತ ದೊಡ್ಡವರ ಪಟ್ಟಿ ಜೋತು ಬೀಳುವಂತಿಲ್ಲ. ಅದಕ್ಕೇ ಪೆಟ್ರೊನೆಲ್ ಬೇಲಿಯಂಚಿನ ಗೆಡ್ಡೆ ಅಗೆದು ತಂದು ಅರೆಯುತ್ತಾಳೆ. ಕೆಸುವಿನ ಜಾತಿಯ ಗೆಡ್ಡೆ ಅದು. ಅದರ ಗಂಜಿ ಹಾಲಿನಷ್ಟು ಬಿಳುಪು, ಆದರೆ ಮುಟ್ಟಿದ ಕೈಯೆಲ್ಲ ಬೊಬ್ಬೆ ಎದ್ದು ಸುಲಿಯುತ್ತದೆ. ಅವಳ ಬೆರಳುಗಳನ್ನು ನೋಡಲು ನನ್ನಿಂದಾಗಲಿಲ್ಲ.

ಉಣ್ಣೆ ಬಾಚುತ್ತಿದ್ದ ಗಂಡ ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾಯಿತು. ಉಳಿದಿರುವವಳು ಎಂಟು ವರ್ಷದ ಮಗಳು ಎಮಟ್. ದುಡಿಯಲಾಗದ ಬಡವರಿಗೆ ಚರ್ಚಿನಿಂದ ವಾರವಾರ ರೊಟ್ಟಿ ಸಿಗುತ್ತದೆ. ಆದರೆ ರೊಟ್ಟಿ ತಿಂದ ಮನೆಯ ಮಕ್ಕಳನ್ನು ಬೇರೆಯವರ ಮನೆಗೆ ಆಳಾಗಿ ಕಳಿಸುತ್ತಾರೆ, ಇಪ್ಪತ್ತೊಂದು ತುಂಬುವವರೆಗೆ. ಪೆಟ್ರೊನೆಲ್ ಆ ರೊಟ್ಟಿ ಮುಟ್ಟಿಲ್ಲ. ತಾಯಿ ಮಗಳು ಬಟಾಣಿಹಿಟ್ಟಿನ ರೊಟ್ಟಿಯಲ್ಲೇ ದಿನ ದೂಡುತ್ತಾರೆ.

ಹೋದ ತಿಂಗಳು ಬಡವರ ಹೆಸರು ಬರೆದುಕೊಳ್ಳಲು ಚರ್ಚಿನ ಹಿರಿಯರಾದ ಮಾಸ್ಟರ್ ಥರ್ಕೆಟಲ್ ಮನೆಮನೆಗೆ ಬಂದರು. ಪೆಟ್ರೊನೆಲ್ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಯೊಳಗೆ ಮುಚ್ಚಿಕೊಂಡು ನಿಂತಳು.

"ಏನಮ್ಮಾ, ಕೈ ಯಾಕೆ ಮುಚ್ಚಿಟ್ಕೊಂಡಿದ್ದೀ? ತೋರ್ಸು."

ತೋರಿಸಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಇದು ಕೆಟ್ಟ ರೋಗ. ಇನ್ನು ನಿನ್ನ ಕೈಲಿ ಕೆಲ್ಸ ಆಗಲ್ಲ. ನಿನಗೆ ರೊಟ್ಟಿ ಬರೀತೀನಿ, ಹುಡುಗಿಗೊಂದು ಮನೆ ನೋಡೋಣ."

ಎಮಟ್ ತಾಯಿಯ ಲಂಗ ಹಿಡಿದುಕೊಂಡಳು. ಕೊರಳಪಟ್ಟಿಗಳು ಗಂಜಿಗೆ ಯಾರ ಹತ್ತಿರ ಹೋಗುತ್ತವೆಂದು ಧಣಿಗಳಿಗೆ ತಿಳಿಯಕೂಡದು ಎಂಬುದು ಈ ಕಸುಬಿನ ಕಟ್ಟುಪಾಡು. ಮನೆಯ ಆಳುಗಳು ಹಿತ್ತಲ ಬಾಗಿಲಲ್ಲಿ ಕೊಟ್ಟು, ಹಿತ್ತಲ ಬಾಗಿಲಲ್ಲೇ ಪಡೆಯುತ್ತಾರೆ. ಪೆಟ್ರೊನೆಲ್ ಅದನ್ನು ಮುರಿದಳು.

"ಧಣಿ, ತಮ್ಮ ಕೊರಳಲ್ಲಿರೋದು ನಾನು ನಿನ್ನೆ ಗಂಜಿ ಹಾಕಿದ್ದು. ಎಡಗಡೆ ನಾಕನೇ ನೆರಿಗೆ ಕೆಳಗೆ ಒಂದು ಸಣ್ಣ ಹೊಲಿಗೆ ಇದೆ, ಮುಟ್ಟಿ ನೋಡ್ಕೊಳಿ. ಇದು ರೋಗ ಅಲ್ಲ, ತಮ್ಮ ಪಟ್ಟಿಯ ಬಿಳುಪು."

ಥರ್ಕೆಟಲ್ ಮುಟ್ಟಿ ನೋಡಿಕೊಂಡರು. ಮುಖ ಕೆಂಪಾಯಿತು. "ದುಡಿಯಬಲ್ಲಳು" ಎಂದು ಬರೆದು ಹೊರಟರು. ಮರುವಾರದಿಂದ ಅವರ ಮನೆಯ ಪಟ್ಟಿಗಳು ಬರಲಿಲ್ಲ. ಅವರ ನೆಂಟರ ಎರಡು ಮನೆಯವೂ ನಿಂತವು. ದಿನದ ಒಂಬತ್ತು ಪಟ್ಟಿ ಈಗ ಐದಾಗಿದೆ.

"ಬೇಜಾರಿಲ್ವಾ?" ಎಂದು ಕೇಳುತ್ತೇನೆ.

ಅವಳು ಕಡ್ಡಿಯನ್ನು ಮತ್ತೆ ಕೆಂಡಕ್ಕಿಡುತ್ತಾಳೆ. "ಹೊಟ್ಟೆಗೆ ಬೇಜಾರು ಇದ್ದೇ ಇದೆ. ಆದ್ರೂ ಭಾನುವಾರ ಚರ್ಚಲ್ಲಿ ನಾವಿಬ್ರೂ ಕೊನೇ ಸಾಲಲ್ಲಿ ನಿಂತ್ಕೋತೀವಿ, ಥರ್ಕೆಟಲ್ ಧಣಿ ಮುಂದೆ ಕೂತಿರ್ತಾರೆ. ಈಗ ಅದ್ಯಾರು ಗಂಜಿ ಹಾಕ್ತಾರೋ, ಎರಡ್ನೇ ಪ್ರಾರ್ಥನೆ ಹೊತ್ತಿಗೆ ಅವ್ರ ಪಟ್ಟಿ ಜೋತು ಬೀಳುತ್ತೆ. ನಾನು ನೋಡೋಕ್ಮುಂಚೆ ಎಮಟ್ ನೋಡಿ, ಪಕ್ಕದಿಂದ ಮೊಣಕೈಲಿ ತಿವೀತಾಳೆ."